ಕೋಣದ ಕರುಗಳಿಗೆ ಹಿಂಡಿಯಲ್ಲೇ ಜಂತುಹುಳದ ಮದ್ದು: ಯಾವುದಕ್ಕೆ ಆದೀತು, ಯಾವುದಕ್ಕೆ ಆಗದು

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು. ಮಾಂಸಕ್ಕಾಗಿ 24 ಮುರ್ರಾ ಕೋಣದ ಕರುಗಳನ್ನು ಸಾಕುತ್ತಿದ್ದೇನೆ. ಹದಿನಾಲ್ಕು ಕರುಗಳು 100ರಿಂದ 140 ಕಿಲೋ, ಉಳಿದ ಹತ್ತು 180ರಿಂದ 240 ಕಿಲೋ ಇರಬಹುದು. ಹಗಲು ಬೈಲು ಗದ್ದೆಯಲ್ಲಿ ಮೇಯುತ್ತವೆ, ಸಂಜೆ ಹಟ್ಟಿಯಲ್ಲಿ ಬೈಹುಲ್ಲು ಮತ್ತು ಹಿಂಡಿ ಹಾಕಿದ ಅಕ್ಕಚ್ಚು. ಒಂದೊಂದನ್ನೂ ಹಿಡಿದು ಬಾಯಿಗೆ ಜಂತುಹುಳದ ಮದ್ದು ಹೊಯ್ಯಲು ಇಬ್ಬರು ಆಳು ಬೇಕಾಗುತ್ತಾರೆ. ಅಮೆರಿಕದಲ್ಲಿ ಮಾಂಸದ ದನಗಳಿಗೆ ಮೇವಿನಲ್ಲೇ, ನೆಕ್ಕುವ ಇಟ್ಟಿಗೆಯಲ್ಲೇ ಮದ್ದು ಕೊಡುತ್ತಾರಂತೆ. ನಮ್ಮಲ್ಲಿ ಅದು ಆದೀತೇ? ಯಾವ ಮದ್ದು, ಎಷ್ಟು, ಹೇಗೆ?

ಉತ್ತರ: ಆಗುತ್ತದೆ, ಆದರೆ ಅರ್ಧ ಕೆಲಸಕ್ಕೆ ಮಾತ್ರ. ಹೊಟ್ಟೆ ಮತ್ತು ಕರುಳಿನ ದುಂಡುಹುಳಗಳಿಗೆ ಫೆನ್‌ಬೆಂಡಜೋಲ್ ಪುಡಿಯನ್ನು ಒಣ ಹಿಂಡಿಯಲ್ಲಿ ಬೆರೆಸಿ ಮೂರು ದಿನ ಕೊಡುವ ಕ್ರಮ ನಿಮ್ಮ ಹಟ್ಟಿಗೆ ಹೊಂದುತ್ತದೆ. ಬೈಲು ಗದ್ದೆಯಲ್ಲಿ ಮೇಯುವ ಕೋಣಗಳನ್ನು ಇದಕ್ಕಿಂತ ಹೆಚ್ಚು ಕಾಡುವುದು ಚಪ್ಪಟೆ ಹುಳಗಳು. ಹಿಂಡಿಯಲ್ಲಿ ಕೊಡುವ ಫೆನ್‌ಬೆಂಡಜೋಲ್‌ನಿಂದ ಅವುಗಳಿಗೆ ಏನೂ ಆಗುವುದಿಲ್ಲ. ಅವುಗಳ ಮದ್ದನ್ನು ಈಗಲೂ ಒಂದೊಂದರ ಬಾಯಿಗೇ ಹೊಯ್ಯಬೇಕು. ಹೇಗೆ ಕೊಡುವುದು ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಹೊಟ್ಟೆಯಲ್ಲಿರುವುದು ಯಾವ ಹುಳ ಎಂದು ತಿಳಿದ ಮೇಲೆಯೇ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ನಿಮ್ಮ ಕರುಗಳ ಹೊಟ್ಟೆಯಲ್ಲಿ ಏನಿರಬಹುದು

ನಮ್ಮ ಕರಾವಳಿಯ ಕೋಣಗಳಲ್ಲಿ ಮೂರು ಗುಂಪಿನ ಹುಳಗಳು ಲೆಕ್ಕಕ್ಕೆ ಬರುತ್ತವೆ. ಮೊದಲನೆಯವು ದುಂಡುಹುಳಗಳು. ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹೀಮಾಂಕಸ್ ಮತ್ತು ಮೆಸಿಸ್ಟೊಸಿರಸ್, ಸಣ್ಣ ಕರುಳಿನ ಕೂಪೀರಿಯಾ ಮತ್ತು ಟ್ರೈಕೊಸ್ಟ್ರಾಂಗೈಲಸ್, ದೊಡ್ಡ ಕರುಳಿನ ಗೋಡೆಯಲ್ಲಿ ಗಂಟು ಮಾಡುವ ಈಸೊಫಾಗೊಸ್ಟೊಮಮ್ ಇವೆಲ್ಲ ಈ ಗುಂಪಿನವು. ಎಳೆಗರುಗಳಲ್ಲಿ ತಾಯಿಯ ಹಾಲಿನಿಂದಲೇ ಬರುವ ಟಾಕ್ಸೊಕಾರಾ ಎಂಬ ದೊಡ್ಡ ಹುಳವೂ ಇದೆ. ನೀವು ಕೊಂಡು ತಂದಿದ್ದು ಮೂರು ನಾಲ್ಕು ತಿಂಗಳು ದಾಟಿದ ಕರುಗಳಾದರೆ ಅದರ ಕಾಟ ಬಹುಮಟ್ಟಿಗೆ ಮುಗಿದಿರುತ್ತದೆ.

ಎರಡನೆಯವು ಚಪ್ಪಟೆ ಹುಳಗಳು. ಪಿತ್ತನಾಳದಲ್ಲಿ ಕೂರುವ ಎಲೆಹುಳ ಫ್ಯಾಸಿಯೋಲಾ ಜೈಗ್ಯಾಂಟಿಕಾ, ಮೊದಲ ಹೊಟ್ಟೆಯಲ್ಲಿ ಕೆಂಪು ಕಾಳಿನ ಹಾಗೆ ಅಂಟಿರುವ ಆಂಫಿಸ್ಟೋಮ್. ಇವೆರಡೂ ನೀರಿನ ಬಸವನಹುಳದ ಮೂಲಕವೇ ಬರಬೇಕು. ಬೈಲು ಗದ್ದೆ, ಮದಕ, ತೋಟದ ಕಣಿ, ಕೋಣ ಹೊರಳುವ ಕೆಸರು ಇರುವಲ್ಲಿ ಬಸವನಹುಳವೂ ಇದ್ದೇ ಇರುತ್ತದೆ. ಸೋಂಕುಕಣಗಳು ನೀರಂಚಿನ ಹುಲ್ಲಿಗೆ ಅಂಟಿಕೊಂಡು ಕಾಯುತ್ತಿರುತ್ತವೆ. ಹಸಿಯಾಗಿ ಕೊಯ್ದು ತಂದ ಗದ್ದೆಯ ಹುಲ್ಲಿನಲ್ಲೂ ಅವು ಬರುತ್ತವೆ.

ಮೂರನೆಯದು ಲಾಡಿಹುಳ. ಸೆಗಣಿಯಲ್ಲಿ ಅಕ್ಕಿಯಂಥ ಬಿಳಿ ತುಂಡು ಕಂಡು ಜನ ಗಾಬರಿಯಾಗುತ್ತಾರೆ. ಕಣ್ಣಿಗೆ ಕಾಣುವುದು ಅದೊಂದೇ ಆದ್ದರಿಂದ ಅದಕ್ಕೇ ಹೆಚ್ಚು ಹೆಸರು. ಮೈ ಇಳಿಸುವುದರಲ್ಲಿ ಅದರ ಪಾಲು ಸಣ್ಣದು.

ಲಕ್ಷಣ ನೋಡಿ ಸ್ವಲ್ಪ ಊಹಿಸಬಹುದು. ಕಣ್ಣಿನ ಒಳರೆಪ್ಪೆ ಬಿಳಚಿ, ಭೇದಿ ಇಲ್ಲದೆಯೇ ದವಡೆಯ ಕೆಳಗೆ ನೀರು ತುಂಬಿದ ಬಾವು ಬಂದರೆ ಹೀಮಾಂಕಸ್ ಅಥವಾ ಎಲೆಹುಳ. ನಾರುವ, ನೀರಿನಂಥ ಭೇದಿ ಚಿಮ್ಮಿ, ಕರು ಮೇವು ಬಿಟ್ಟು ನೀರನ್ನೇ ಹುಡುಕುತ್ತಿದ್ದರೆ ಆಂಫಿಸ್ಟೋಮ್ ಮರಿಗಳು. ಈ ಕೊನೆಯದರಲ್ಲಿ ಒಂದು ಮೋಸವಿದೆ. ಮರಿಗಳು ಸಣ್ಣ ಕರುಳಿನ ಗೋಡೆಯನ್ನು ಕೊರೆಯುವ ಹೊತ್ತಿಗೆ ಇನ್ನೂ ಮೊಟ್ಟೆ ಇಡುವ ಪ್ರಾಯಕ್ಕೆ ಬಂದಿರುವುದಿಲ್ಲ. ಸೆಗಣಿ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬರುತ್ತದೆ, ಇತ್ತ ಕರು ಸಾಯುತ್ತದೆ. ಮಳೆಗಾಲದ ನಡುವೆ ಅಥವಾ ಮಳೆ ಬಿಟ್ಟ ಹೊಸತರಲ್ಲಿ, ಗದ್ದೆಯಲ್ಲಿ ಮೇದ ಕರುವಿಗೆ ಇಂಥ ಭೇದಿ ಬಂದರೆ ವರದಿಗೆ ಕಾಯಬೇಡಿ, ಪಶುವೈದ್ಯರನ್ನು ಕರೆಸಿ.

ಉಳಿದ ಸಂದರ್ಭಗಳಲ್ಲಿ ಸೆಗಣಿ ಪರೀಕ್ಷೆ ಮಾಡಿಸದೆ ಮದ್ದಿಗೆ ಕೈ ಹಾಕಬೇಡಿ. ಎರಡು ಗುಂಪಿನಿಂದಲೂ ಐದೈದು ಕರುಗಳನ್ನು ಆರಿಸಿ, ಕೈಚೀಲ ಹಾಕಿಕೊಂಡು ಗುದದಿಂದಲೇ ಹತ್ತು ಗ್ರಾಂ ಸೆಗಣಿ ತೆಗೆಯಿರಿ. ನೆಲದಿಂದ ಎತ್ತಿದ್ದರಲ್ಲಿ ಮಣ್ಣಿನ ಹುಳಗಳೂ ಸೇರಿರುತ್ತವೆ. ಗಾಳಿ ಆಡದಂತೆ ಕಟ್ಟಿ, ಕರುವಿನ ಗುರುತು ಬರೆದು, ಐಸಿನ ಡಬ್ಬಿಯಲ್ಲಿಟ್ಟು ಅದೇ ದಿನ ಪಶು ಆಸ್ಪತ್ರೆಗೆ ತಲುಪಿಸಿ. ಹೊರಗೆ ಬಿಸಿಯಲ್ಲಿ ಇಟ್ಟರೆ ದುಂಡುಹುಳದ ಮೊಟ್ಟೆಗಳು ಒಂದು ದಿನದೊಳಗೆ ಒಡೆಯತೊಡಗಿ ಎಣಿಕೆ ತಪ್ಪುತ್ತದೆ. ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿದರೂ ಕೆಡುತ್ತದೆ.

ಕೊಡುವಾಗ ಒಂದು ಮಾತು ಬಾಯಿಬಿಟ್ಟು ಕೇಳಿ: ಎರಡು ಪರೀಕ್ಷೆ ಬೇಕು. ಗಾಢ ಉಪ್ಪುನೀರಿನಲ್ಲಿ ತೇಲಿಸಿ ನೋಡುವ ಪರೀಕ್ಷೆಯಲ್ಲಿ ದುಂಡುಹುಳ, ಲಾಡಿಹುಳಗಳ ಮೊಟ್ಟೆ ಮಾತ್ರ ಮೇಲೆ ಬರುತ್ತವೆ. ಚಪ್ಪಟೆ ಹುಳಗಳ ಮೊಟ್ಟೆ ಭಾರ, ಅವು ತಳದಲ್ಲೇ ಉಳಿಯುತ್ತವೆ. ಅವುಗಳಿಗೆ ತಳಗಟ್ಟಿಸಿ ನೋಡುವ ಪರೀಕ್ಷೆ ಬೇರೆ. ಅದರಲ್ಲಿ ಎಲೆಹುಳದ ಮೊಟ್ಟೆ ಹಳದಿ ಕಂದು, ಆಂಫಿಸ್ಟೋಮಿನದು ಬಣ್ಣವಿಲ್ಲದ್ದು. ತೇಲಿಸುವ ಪರೀಕ್ಷೆ ಒಂದನ್ನೇ ಮಾಡಿಸಿ “ಹುಳವೇ ಇಲ್ಲ” ಎಂಬ ಚೀಟಿ ಹಿಡಿದು ಮನೆಗೆ ಬಂದವರ ಹಟ್ಟಿಯಲ್ಲಿ ಎಲೆಹುಳ ತುಂಬಿರುವುದುಂಟು.

ಅಮೆರಿಕದಲ್ಲಿ ಹೇಗೆ ಕೊಡುತ್ತಾರೆ, ಅದು ಇಲ್ಲಿಗೆ ಯಾಕೆ ಪೂರ್ತಿ ಹೊಂದುವುದಿಲ್ಲ

ಅಲ್ಲಿ ಮಾಂಸದ ದನಗಳಿಗೆ ಮೇವಿನಲ್ಲಿ ಕೊಡುವ ಮದ್ದುಗಳಲ್ಲಿ ಮುಖ್ಯವಾದವು ಎರಡು. ಸೇಫ್‌ಗಾರ್ಡ್ ಹೆಸರಿನ ಫೆನ್‌ಬೆಂಡಜೋಲ್, ರುಮಾಟೆಲ್ ಹೆಸರಿನ ಮೊರಾಂಟೆಲ್ ಟಾರ್ಟ್ರೇಟ್. ಫೆನ್‌ಬೆಂಡಜೋಲ್ ಕಿಲೋ ತೂಕಕ್ಕೆ ಒಟ್ಟು 5 ಮಿಲಿಗ್ರಾಂ. ಅದನ್ನು ಹಿಂಡಿಯಲ್ಲಿ ಒಂದೇ ದಿನ ಕೊಡಬಹುದು, ಇಲ್ಲವೇ ಖನಿಜ ಮಿಶ್ರಣದಲ್ಲಿ ಮೂರರಿಂದ ಆರು ದಿನಕ್ಕೆ ಹಂಚಬಹುದು. ಮೊರಾಂಟೆಲ್ ಕಿಲೋಗೆ 9.7 ಮಿಲಿಗ್ರಾಂನಂತೆ ಒಂದೇ ಹೊತ್ತಿನ ಮೇವಿನಲ್ಲಿ. ಇದು ಕರುಳಿನಿಂದ ರಕ್ತಕ್ಕೆ ಹೆಚ್ಚು ಸೇರುವುದಿಲ್ಲ. ಬೆಳೆದ ಹುಳಗಳನ್ನು ಕೆಡವುತ್ತದೆ, ಹೊಟ್ಟೆಯ ಗೋಡೆಯೊಳಗೆ ಅಡಗಿ ಕೂತ ಮರಿಗಳನ್ನು ಬಿಟ್ಟುಬಿಡುತ್ತದೆ.

ಇಟ್ಟಿಗೆಯ ಲೆಕ್ಕ ಇನ್ನೂ ನಾಜೂಕು. ಬೆಲ್ಲದ ಕಾಕಂಬಿ, ಪ್ರೋಟೀನು ಸೇರಿಸಿ ಗಟ್ಟಿ ಮಾಡಿದ ಆ ಇಟ್ಟಿಗೆಯನ್ನು ಪ್ರಾಣಿ ದಿನಕ್ಕೆ ತನ್ನ ತೂಕದ ಸಾವಿರದಲ್ಲೊಂದು ಪಾಲಿನಷ್ಟು, ಅಂದರೆ 200 ಕಿಲೋದ್ದು 200 ಗ್ರಾಂ, ಮೂರು ದಿನ ತಿನ್ನಬೇಕು. ಆಗಷ್ಟೇ 5 ಮಿಲಿಗ್ರಾಂ ಪೂರ್ತಿಯಾಗುತ್ತದೆ. ಆ ರೂಢಿ ಬರಿಸಲು ಸುಮಾರು ಎರಡು ವಾರ ಮೊದಲೇ ಮದ್ದಿಲ್ಲದ ಇಟ್ಟಿಗೆ ಇಡುತ್ತಾರೆ, ದಿನಕ್ಕೆ ಎಷ್ಟು ಕರಗಿತೆಂದು ತೂಗಿ ನೋಡುತ್ತಾರೆ. ಹುಲ್ಲುಗಾವಲಿನಲ್ಲಿ ಹಿಡಿಯಲು ಸಿಗದ ನೂರಾರು ದನ ಇರುವವರಿಗೆ ಇದೊಂದು ದಾರಿ. ಆದರೂ ಒಂದು ದನ ಬಾಯಿ ತುಂಬ ತಿಂದು ಇನ್ನೊಂದು ಮೂಸಿ ಹೋಗುವ ದೋಷ ಅಲ್ಲಿಯೂ ತಪ್ಪಿಲ್ಲ.

ಭಾರತದಲ್ಲೂ ಯೂರಿಯಾ ಕಾಕಂಬಿ ಇಟ್ಟಿಗೆಗೆ ಫೆನ್‌ಬೆಂಡಜೋಲ್ ಸೇರಿಸಿ ನೋಡಿದ್ದಾರೆ. ನಿಮ್ಮ ಹಟ್ಟಿಗೆ ನಾವು ಅದನ್ನು ಹೇಳುವುದಿಲ್ಲ. ಆರು ತಿಂಗಳೊಳಗಿನ ಕರುವಿಗೆ ಯೂರಿಯಾ ಕೊಡಲೇಬಾರದು, ನಿಮ್ಮ ಸಣ್ಣ ಗುಂಪಿನಲ್ಲಿ ಆ ಪ್ರಾಯದವು ಇರಬಹುದು. ನಮ್ಮ ಮಳೆಗೆ ಇಟ್ಟಿಗೆ ಮೆತ್ತಗಾದರೆ ಕರು ನೆಕ್ಕುವುದನ್ನು ಬಿಟ್ಟು ಕಚ್ಚಿ ತಿನ್ನುತ್ತದೆ. ಅಲ್ಲಿಗೆ ಯೂರಿಯಾ ವಿಷವೇರಿ ಹೊಟ್ಟೆಯುಬ್ಬರ, ನಡುಕ, ಗಂಟೆಗಳೊಳಗೆ ಸಾವು. ತಿಂಗಳುಗಟ್ಟಲೆ ಕಡಿಮೆ ಪ್ರಮಾಣದಲ್ಲಿ ಮದ್ದು ಒಳಗೆ ಹೋಗುತ್ತಿದ್ದರೆ ಸಾಯದೆ ಉಳಿದ ಹುಳಗಳಿಂದ ಮದ್ದಿಗೆ ಜಗ್ಗದ ಸಂತತಿ ಬೆಳೆಯುವುದು ಮತ್ತೊಂದು ತೊಂದರೆ.

ಫೆನ್‌ಬೆಂಡಜೋಲೇ ಯಾಕೆ

ಹಿಂಡಿಯಲ್ಲಿ ಕೊಡುವ ಮದ್ದಿಗೆ ಮೂರು ಗುಣ ಬೇಕು: ನಾಲಿಗೆಗೆ ಗೊತ್ತಾಗಬಾರದು, ಒಂದು ಕರು ಎರಡು ಪಾಲು ತಿಂದರೂ ಕೆಡುಕಾಗಬಾರದು, ಮೇವಿನ ಜೊತೆ ಸೇರಿದರೂ ಕೆಲಸ ಮಾಡಬೇಕು. ಫೆನ್‌ಬೆಂಡಜೋಲ್ ಮೂರರಲ್ಲೂ ಪಾಸು. ಅದು ಹುಳದ ಜೀವಕೋಶದೊಳಗಿನ ಸೂಕ್ಷ್ಮನಾಳಗಳನ್ನು ಕಟ್ಟಲು ಬಿಡದೆ ಹುಳವನ್ನು ನಿಧಾನವಾಗಿ ಹಸಿವಿನಿಂದ ಕೊಲ್ಲುತ್ತದೆ. ಆದ್ದರಿಂದ ಒಮ್ಮೆಲೇ ಎಷ್ಟು ಏರಿತು ಎನ್ನುವುದಕ್ಕಿಂತ ಎಷ್ಟು ಹೊತ್ತು ಹುಳಕ್ಕೆ ತಾಗಿಕೊಂಡಿತು ಎನ್ನುವುದು ಮುಖ್ಯ. ಮೊದಲ ಹೊಟ್ಟೆಯಲ್ಲಿ ಮೇವಿನ ನಾರಿಗೆ ಅಂಟಿ ಮೆಲ್ಲಗೆ ಕೆಳಗಿಳಿಯುವುದು ಇಲ್ಲಿ ಅನುಕೂಲವೇ. ಒಂದೇ ದಿನ ಕೊಡುವುದಕ್ಕಿಂತ ಮೂರು ದಿನಕ್ಕೆ ಹಂಚುವುದನ್ನು ನಾವು ಮೆಚ್ಚುವುದು ಇದೇ ಕಾರಣಕ್ಕೆ. ಒಂದು ದಿನ ಯಾವುದೋ ಕರು ಸರಿಯಾಗಿ ತಿನ್ನದಿದ್ದರೂ ಉಳಿದೆರಡು ದಿನದ ಪಾಲಾದರೂ ಒಳಗೆ ಹೋಗಿರುತ್ತದೆ.

ಲೆವಮಿಸೋಲ್ ಕಹಿ. ಹಿಂಡಿಯಲ್ಲಿ ಬೆರೆಸಿದರೆ ಕರು ಮೂಸಿ ಬಿಡುತ್ತದೆ. ಕಿಲೋಗೆ 7.5 ಮಿಲಿಗ್ರಾಂ ಅದರ ಪ್ರಮಾಣ. ಇಮ್ಮಡಿಗೇ ಜೊಲ್ಲು, ನಡುಕ ಶುರುವಾಗಬಹುದು. ಕ್ಲೋಸಾಂಟೆಲ್ ಹೆಚ್ಚಾದರೆ ಕಣ್ಣು ಹೋಗುತ್ತದೆ. ಆಕ್ಸಿಕ್ಲೊಜನೈಡ್ ಹೆಚ್ಚಾದರೆ ಭೇದಿ. ಇವು ಯಾವುದನ್ನೂ ಹತ್ತು ಬಾಯಿ ಒಟ್ಟಿಗೆ ಹಾಕುವ ಬೈಪಣೆಗೆ ಸುರಿಯಬಾರದು. ಆಲ್ಬೆಂಡಜೋಲ್ ಫೆನ್‌ಬೆಂಡಜೋಲಿನ ಕುಟುಂಬದ್ದೇ, ನಿಮ್ಮ ಗಂಡು ಕರುಗಳಿಗೆ ಆದೀತು. ಆದರೆ ಅದೇ ಹಟ್ಟಿಯಲ್ಲಿ ಹೊಸದಾಗಿ ಗಬ್ಬವಾದ ಹಸುವೋ ಎಮ್ಮೆಯೋ ಇದ್ದು ಬಾಯಿ ಹಾಕಿದರೆ ಹೊಟ್ಟೆಯ ಭ್ರೂಣಕ್ಕೆ ಅಪಾಯ. ಐವರ್‌ಮೆಕ್ಟಿನ್ ಚುಚ್ಚುಮದ್ದು ಹೇನು, ಕಜ್ಜಿಗೂ ಆಗುವುದರಿಂದ ಅಂಥ ತೊಂದರೆ ಇದ್ದಾಗ ಒಳ್ಳೆಯದು, ಆದರೆ ಚುಚ್ಚಲು ಕರುವನ್ನು ಹಿಡಿಯಲೇಬೇಕು. ಸೆಗಣಿಯಲ್ಲಿ ಹೊರಬಿದ್ದು ಸೆಗಣಿ ದುಂಬಿಯ ಮರಿಗಳನ್ನು ಕೊಲ್ಲುವ ಗುಣವೂ ಅದಕ್ಕಿದೆ.

ಅಡಿಕೆ ಸೀಮೆಯವರು ಕೇಳದೆ ಬಿಡದ ಒಂದು ಪ್ರಶ್ನೆ ಇದೆ, ಅದನ್ನೂ ಹೇಳಿಬಿಡುತ್ತೇವೆ. ಹಸಿ ಅಡಿಕೆ ಜಜ್ಜಿ ಕೊಡುವ ಹಳೆಯ ಕ್ರಮ ಸುಳ್ಳೇನಲ್ಲ. ಅಡಿಕೆಯ ಅರೆಕೋಲಿನ್ ಒಂದು ಕಾಲದಲ್ಲಿ ನಾಯಿಗಳ ಲಾಡಿಹುಳಕ್ಕೆ ಮದ್ದಾಗಿತ್ತು. ಆದರೆ ಒಂದು ಕಾಯಿಯಲ್ಲಿ ಅದೆಷ್ಟಿದೆ ಎಂದು ತಿಳಿಯುವ ಉಪಾಯ ನಿಮ್ಮ ಬಳಿ ಇಲ್ಲ. ಹೆಚ್ಚಾದರೆ ಜೊಲ್ಲು, ಭೇದಿ. ಹೀಮಾಂಕಸಿಗೂ ಎಲೆಹುಳಕ್ಕೂ ಅದನ್ನು ನಂಬಿ ಕೂರಬೇಡಿ.

ತೂಕ ಮತ್ತು ಲೆಕ್ಕ

ಕಣ್ಣಂದಾಜು ಸಾಲದು. ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮೂಳೆಯಿಂದ ಪೃಷ್ಠದ ಮೂಳೆಯ ತುದಿಯವರೆಗೆ ಉದ್ದ, ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ತೂಕ. ಸುತ್ತಳತೆ 56, ಉದ್ದ 48 ಇದ್ದರೆ ಸುಮಾರು 228 ಕಿಲೋ. ಇದೂ ಅಂದಾಜೇ, ಆದರೆ ಕಣ್ಣಿಗಿಂತ ವಾಸಿ. ಪ್ರತಿ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡ ಎರಡು ಮೂರನ್ನು ಅಳೆದರೂ ಕೆಲಸ ನಡೆಯುತ್ತದೆ.

ಪ್ರಮಾಣವನ್ನು ಗುಂಪಿನ ಸರಾಸರಿ ತೂಕಕ್ಕಲ್ಲ, ಅತಿ ಭಾರದ ಕರುವಿಗೆ ಹಾಕಿ. ಸರಾಸರಿಗೆ ಹಾಕಿದರೆ ಗುಂಪಿನ ಅರ್ಧಕ್ಕೆ ಕಡಿಮೆ ಬೀಳುತ್ತದೆ. ಫೆನ್‌ಬೆಂಡಜೋಲಿನಲ್ಲಿ ಹೆಚ್ಚಾಗಿ ಕೆಡುವುದು ಅಪರೂಪ, ಕಡಿಮೆಯಾಗಿ ಕೆಡುವುದೇ ರೂಢಿ. ಕಿಲೋಗೆ 7.5 ಮಿಲಿಗ್ರಾಂ ಎಂದು ಹಿಡಿಯೋಣ. ದನಕ್ಕೆ 5 ಸಾಕಾದರೂ ಈ ಕುಟುಂಬದ ಮದ್ದುಗಳು ಕೋಣ ಎಮ್ಮೆಗಳ ರಕ್ತದಲ್ಲಿ ದನದಷ್ಟು ಏರುವುದಿಲ್ಲ. ಲಾಡಿಹುಳವೂ ಇದ್ದರೆ ನಿಮ್ಮ ವೈದ್ಯರು 10ಕ್ಕೆ ಏರಿಸಬಹುದು. ಆಗ ಕೆಳಗಿನ ಮದ್ದಿನ ಅಂಕಿಗಳನ್ನೆಲ್ಲ ಮೂರನೇ ಒಂದು ಪಾಲು ಹೆಚ್ಚಿಸಿಕೊಳ್ಳಿ.

ಸಣ್ಣ ಗುಂಪು: 14 ಕರು, ಅತಿ ಭಾರದ್ದು 140 ಕಿಲೋ, ಒಟ್ಟು 1,960 ಕಿಲೋ ಎಂದು ಲೆಕ್ಕ. ಬೇಕಾದ ಫೆನ್‌ಬೆಂಡಜೋಲ್ 14.7 ಗ್ರಾಂ. ಶೇಕಡಾ 25ರ ಪುಡಿಯಾದರೆ ಸುಮಾರು 59 ಗ್ರಾಂ ಪುಡಿ, ಮೂರು ದಿನಕ್ಕೆ ಹಂಚಿದರೆ ದಿನಕ್ಕೆ 20 ಗ್ರಾಂ ಹತ್ತಿರ. ದೊಡ್ಡ ಗುಂಪು: 10 ಕರು, 240 ಕಿಲೋ, ಒಟ್ಟು 2,400 ಕಿಲೋ. ಬೇಕಾದ ಮದ್ದು 18 ಗ್ರಾಂ, ಪುಡಿ 72 ಗ್ರಾಂ, ದಿನಕ್ಕೆ 24 ಗ್ರಾಂ. ಪೊಟ್ಟಣದ ಮೇಲಿನ ಶೇಕಡಾವನ್ನು ಎರಡು ಸಲ ಓದಿ. ಬೇರೆ ಬೇರೆ ಸಾಂದ್ರತೆಯ ಪುಡಿಗಳು ಒಂದೇ ಅಂಗಡಿಯಲ್ಲಿ ಸಿಗುತ್ತವೆ, ಪುಡಿಯ ಗ್ರಾಂ ಮತ್ತು ಮದ್ದಿನ ಗ್ರಾಂ ಒಂದೇ ಎಂದು ತಿಳಿದರೆ ನಾಲ್ಕು ಪಟ್ಟು ಕಡಿಮೆ ಕೊಟ್ಟಂತಾಗುತ್ತದೆ. ತೂಗಲು ಒಂದು ಗ್ರಾಂ ತೋರಿಸುವ ಅಡಿಗೆಮನೆಯ ತಕ್ಕಡಿ ಸಾಕು. ಚಮಚದ ಅಳತೆ ಬೇಡ.

ಬೆರೆಸುವುದು, ಹಾಕುವುದು

ನಿಮ್ಮ ಪತ್ರದಲ್ಲಿ ನಮ್ಮ ಕಣ್ಣಿಗೆ ಬಿದ್ದ ಮೊದಲ ತೊಡಕು ಅಕ್ಕಚ್ಚು. ಫೆನ್‌ಬೆಂಡಜೋಲ್ ನೀರಿನಲ್ಲಿ ಕರಗುವುದಿಲ್ಲ. ಗಂಜಿ ತೆಳಿಗೆ ಹಾಕಿ ಎಷ್ಟು ಕಲಕಿದರೂ ಅರೆಗಳಿಗೆಯಲ್ಲಿ ತಳ ಸೇರುತ್ತದೆ. ಮೊದಲು ಬಾಯಿ ಹಾಕಿದ ಕರು ಮೇಲಿನ ನೀರು ಕುಡಿಯುತ್ತದೆ, ಮದ್ದೆಲ್ಲ ಬಾಲ್ದಿಯ ತಳದ ಗಷ್ಟಿನಲ್ಲಿ ಉಳಿಯುತ್ತದೆ. ಕುಡಿಯುವ ನೀರಿಗೆ ಹಾಕುವುದೂ ಇದೇ ಕಾರಣಕ್ಕೆ ಹಾಳು. ಹಾಗಾಗಿ ಈ ಮೂರು ದಿನ ಹಿಂಡಿಯನ್ನು ಒಣಗಿದ್ದಾಗಲೇ, ಹೆಚ್ಚೆಂದರೆ ಕೈಯಲ್ಲಿ ಉಂಡೆ ಹಿಡಿಯುವಷ್ಟು ತೇವ ಮಾಡಿ ಕೊಡಬೇಕು. ಅಕ್ಕಚ್ಚು ಕುಡಿದೇ ರೂಢಿಯಾದ ಕರುಗಳಿಗೆ ನಾಲ್ಕೈದು ದಿನ ಮುಂಚಿನಿಂದಲೇ ಮದ್ದಿಲ್ಲದ ಒಣ ಹಿಂಡಿ ಇಟ್ಟು ಕಲಿಸಿ. ಯಾವುದು ಕೊನೆಗೆ ಬರುತ್ತದೆ, ಯಾವುದನ್ನು ಉಳಿದವು ತಳ್ಳುತ್ತವೆ ಎಂದು ಗೊತ್ತಾಗುವುದೂ ಈ ದಿನಗಳಲ್ಲೇ.

ಒಂದು ಕರುವಿಗೆ ಸಣ್ಣ ಗುಂಪಿನಲ್ಲಿ 500 ಗ್ರಾಂ, ದೊಡ್ಡ ಗುಂಪಿನಲ್ಲಿ 750 ಗ್ರಾಂ ಮದ್ದಿನ ಹಿಂಡಿ ಸಾಕು. ಅಂದರೆ ದಿನಕ್ಕೆ 7 ಕಿಲೋ ಮತ್ತು 7.5 ಕಿಲೋ. ಅದಕ್ಕಿಂತ ಹೆಚ್ಚು ಹಿಂಡಿಗೆ ಮದ್ದು ಬೆರೆಸಿದರೆ ತಿಂದು ಮುಗಿಯುವ ಮೊದಲೇ ಕರು ತಲೆ ಎತ್ತುತ್ತದೆ. ದಿನದ ಉಳಿದ ಹಿಂಡಿಯನ್ನು ಇದು ಪೂರ್ತಿ ಖಾಲಿಯಾದ ಮೇಲೆ ಹಾಕಿ.

20 ಗ್ರಾಂ ಪುಡಿಯನ್ನು ನೇರವಾಗಿ 7 ಕಿಲೋ ಹಿಂಡಿಗೆ ಸುರಿದು ಸಲಿಕೆಯಲ್ಲಿ ತಿರುವಿದರೆ ಅದು ಒಂದು ಮೂಲೆಯಲ್ಲೇ ಉಳಿಯುತ್ತದೆ. ಮೊದಲು ಪುಡಿಯನ್ನು 200 ಗ್ರಾಂ ನುಣುಪಾದ ಅಕ್ಕಿ ತವುಡಿಗೆ ಸೇರಿಸಿ ಮುಚ್ಚಿದ ಡಬ್ಬಿಯಲ್ಲಿ ಎರಡು ಮೂರು ನಿಮಿಷ ಕುಲುಕಿ. ಇದನ್ನು 2 ಕಿಲೋ ತವುಡು ಅಥವಾ ಬೂಸಕ್ಕೆ ಕೈಯಿಂದ ಉದುರಿಸುತ್ತಾ ಬೆರೆಸಿ. ಕೊನೆಗೆ ಉಳಿದ 4.8 ಕಿಲೋ ಪುಡಿ ಮಾಡಿದ ಹಿಂಡಿಗೆ. ಆಮೇಲೆ ನೂರು ಗ್ರಾಂ ಬೆಲ್ಲ ಕರಗಿಸಿದ ಅರ್ಧ ಲೀಟರು ನೀರು ಚಿಮುಕಿಸಿ ಇನ್ನೊಮ್ಮೆ ತಿರುವಿ. ಬೆಲ್ಲದ ಅಂಟಿಗೆ ಪುಡಿ ಹಿಡಿದುಕೊಳ್ಳುತ್ತದೆ, ಬೈಪಣೆಯ ತಳಕ್ಕೆ ಜಾರುವುದಿಲ್ಲ, ಕರುವಿನ ಉಸಿರಿಗೆ ಹಾರುವುದೂ ಇಲ್ಲ. ಕಾರ್ಖಾನೆಯ ಗುಳಿಗೆ ಹಿಂಡಿಯ ಮೇಲೆ ಪುಡಿ ಉದುರಿಸುವ ಅಭ್ಯಾಸ ಬಿಡಿ. ಗುಳಿಗೆ ನಯವಾಗಿರುವುದರಿಂದ ಪುಡಿಯೆಲ್ಲ ಕೆಳಗೆ ಸೇರುತ್ತದೆ. ಆಯಾ ದಿನದ್ದನ್ನು ಆಯಾ ದಿನವೇ ಬೆರೆಸಿ. ಬೆಲ್ಲ ತಾಗಿದ ಹಿಂಡಿ ನಮ್ಮ ಹವೆಗೆ ರಾತ್ರಿ ಕಳೆಯುವುದರೊಳಗೆ ಹುಳಿಯುತ್ತದೆ, ಬೂಸಲು ಬಂದರೆ ಬೇರೆಯದೇ ಕಾಯಿಲೆ.

ಹಿಂದಿನ ರಾತ್ರಿ ಬೈಹುಲ್ಲು ಕಡಿಮೆ ಮಾಡಿ, ಬೆಳಗ್ಗೆ ಗದ್ದೆಗೆ ಬಿಡುವ ಮೊದಲೇ ಮದ್ದಿನ ಹಿಂಡಿ ಇಡಿ. ಹಸಿದ ಕರು ತಿನ್ನುತ್ತದೆ, ಹೊಟ್ಟೆಯಲ್ಲಿ ಮೇವು ಕಡಿಮೆಯಿದ್ದಷ್ಟು ಮದ್ದು ಹೆಚ್ಚು ಹೊತ್ತು ನಿಲ್ಲುತ್ತದೆ. ಎರಡು ಗುಂಪುಗಳನ್ನು ಬೇರೆ ಬೇರೆ ಹೊತ್ತಿಗೆ ಅಥವಾ ಬೇರೆ ಬೇರೆ ಸಾಲಿನಲ್ಲಿ ತಿನ್ನಿಸಬೇಕು. ಬೈಪಣೆಯಲ್ಲಿ ಸಣ್ಣವಕ್ಕೆ ತಲಾ ಒಂದೂವರೆಯಿಂದ ಎರಡು ಅಡಿ, ದೊಡ್ಡವಕ್ಕೆ ಎರಡೂವರೆ ಅಡಿ ಜಾಗ ಬೇಕು, ಎಲ್ಲವೂ ಒಟ್ಟಿಗೆ ಬಾಯಿ ಹಾಕುವಂತಿರಬೇಕು. ಒಂದೆರಡು ಅಡಿ ಕಡಿಮೆಯಾದರೂ ಹೊರಗುಳಿಯುವುದು ಬಡಕಲು ಕರುವೇ, ಮದ್ದು ಹೆಚ್ಚು ಬೇಕಾದದ್ದೂ ಅದಕ್ಕೇ. ನಿಮ್ಮವು ಹಟ್ಟಿಯಲ್ಲಿ ಕಟ್ಟುವ ಕರುಗಳು ಎಂದಾದರೆ ನಿಮಗೆ ಅಮೆರಿಕದವರಿಗಿಲ್ಲದ ಅನುಕೂಲವಿದೆ. ಕಟ್ಟಿದಲ್ಲೇ ಒಂದೊಂದರ ಮುಂದೆ ಒಂದೊಂದು ಬುಟ್ಟಿ ಇಟ್ಟು, ತೂಗಿದ ಪಾಲನ್ನು ಹಾಕಿಬಿಡಿ. ಅಕ್ಕಪಕ್ಕದ್ದು ಕತ್ತು ಚಾಚದಷ್ಟು ಗಿಡ್ಡ ಹಗ್ಗವಿರಲಿ. ಹೀಗೆ ಮಾಡಿದರೆ ಹಿಂಡಿಯಲ್ಲಿ ಕೊಡುವ ಮದ್ದಿಗೆ ಇರುವ ದೊಡ್ಡ ಆಕ್ಷೇಪ, ಯಾರಿಗೆ ಎಷ್ಟು ಹೋಯಿತೋ ತಿಳಿಯದು ಎಂಬುದು, ಬಹುಪಾಲು ಹೋಗುತ್ತದೆ.

ಇಪ್ಪತ್ತು ನಿಮಿಷದ ನಂತರ ಬುಟ್ಟಿಗಳನ್ನು ನೋಡಿ. ಪಾಲಿನ ಅರ್ಧಕ್ಕಿಂತ ಹೆಚ್ಚು ಉಳಿಸಿದ ಕರುವನ್ನು ಗುರುತು ಹಾಕಿಕೊಳ್ಳಿ. ಎರಡನೇ ದಿನವೂ ಅದೇ ಕಥೆಯಾದರೆ ಅದಕ್ಕೆ ಬೋಲಸ್ (ದೊಡ್ಡ ಮಾತ್ರೆ) ಅಥವಾ ದ್ರಾವಣವನ್ನು ಬಾಯಿಗೇ ಕೊಡಿ. ಮೇವು ಬಿಟ್ಟ, ದವಡೆ ಬಾತ, ಕಣ್ಣು ಬಿಳಚಿದ ಕರುಗಳನ್ನು ಮೊದಲ ದಿನವೇ ಈ ಕ್ರಮದಿಂದ ಹೊರಗಿಡಿ. ತಿನ್ನದ ಪ್ರಾಣಿಗೆ ತಿನಿಸಿನಲ್ಲಿ ಮದ್ದು ಇಡುವುದು ವ್ಯರ್ಥ.

ಬಾಯಿಗೆ ಕೊಡುವಾಗ ಮೂತಿಯನ್ನು ಬೆನ್ನಿನ ಮಟ್ಟಕ್ಕಿಂತ ಎತ್ತಬೇಡಿ, ದವಡೆಯ ಪಕ್ಕದಿಂದ ನಾಲಿಗೆಯ ಹಿಂಭಾಗಕ್ಕೆ ಮೆಲ್ಲಗೆ ಹೊಯ್ಯಿರಿ. ತಲೆ ಎತ್ತಿ ಸುರಿದರೆ ದ್ರಾವಣ ಶ್ವಾಸಕೋಶಕ್ಕೆ ಇಳಿದು ಎರಡು ಮೂರು ದಿನದಲ್ಲಿ ಉಸಿರಾಟದ ಕಾಯಿಲೆ. ಬಾಟಲಿಯನ್ನು ಪ್ರತಿ ಕರುವಿಗೂ ಕುಲುಕಿ, ತಳದಲ್ಲಿ ಕೂತ ಮದ್ದು ಮೇಲೆ ಬರಲಿ.

ಚಪ್ಪಟೆ ಹುಳಗಳ ಪಾಲಿನ ಕೆಲಸ

ಇದನ್ನು ವೈದ್ಯರ ಚೀಟಿಯ ಮೇಲೆಯೇ ಮಾಡಿ. ಬೆಳೆದ ಎಲೆಹುಳ ಮತ್ತು ಆಂಫಿಸ್ಟೋಮ್ ಎರಡಕ್ಕೂ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಆಕ್ಸಿಕ್ಲೊಜನೈಡ್, ಕಿಲೋಗೆ 10ರಿಂದ 15 ಮಿಲಿಗ್ರಾಂ. ಒಂದೆರಡು ದಿನ ಸೆಗಣಿ ಸಡಿಲವಾದರೆ ಹೆದರಬೇಕಿಲ್ಲ. ಆಂಫಿಸ್ಟೋಮ್ ಮರಿಗಳ ಭೇದಿಗೆ ಹೆಚ್ಚಿನ ಪ್ರಮಾಣವನ್ನು ಮೂರು ದಿನದ ಅಂತರದಲ್ಲಿ ಎರಡು ಸಲ ಕೊಡುವ ಕ್ರಮವಿದೆ, ಜೊತೆಗೆ ನೀರು ಮತ್ತು ಲವಣ ತುಂಬಬೇಕು. ಎಲೆಹುಳದ ಮರಿಗಳು ಪಿತ್ತನಾಳ ಸೇರುವ ಮೊದಲು ಈಲಿಯನ್ನೇ ಕೊರೆಯುತ್ತಾ ಸಾಗುತ್ತವೆ. ಆ ಹಂತದಲ್ಲಿ ಅವುಗಳನ್ನು ಕೊಲ್ಲುವುದು ಟ್ರೈಕ್ಲಾಬೆಂಡಜೋಲ್. ದನಕ್ಕೆ ಕಿಲೋಗೆ 12 ಮಿಲಿಗ್ರಾಂ, ಕೋಣ ಎಮ್ಮೆಗಳಿಗೆ ಅದರ ಇಮ್ಮಡಿ ಬೇಕೆಂಬ ಶಿಫಾರಸು ಭಾರತದಲ್ಲೇ ನಡೆದ ಅಧ್ಯಯನಗಳಿಂದ ಬಂದದ್ದು. ಆಂಫಿಸ್ಟೋಮಿಗೆ ಇದು ನಾಟುವುದಿಲ್ಲ ಎನ್ನುವುದು ನೆನಪಿರಲಿ.

ವರ್ಷಕ್ಕೆ ಈ ಕೆಲಸ ಎರಡು ಸಲ ಬಂದರೆ ಹೆಚ್ಚು. ಮಳೆ ಹಿಡಿಯುವ ಮುಂಚೆ ಒಮ್ಮೆ, ತುಲಾ ಮಳೆ (ಅಕ್ಟೋಬರ್, ನವೆಂಬರ್ ಹೊತ್ತಿನ ಮಳೆ) ಮುಗಿದ ಮೇಲೆ ಒಮ್ಮೆ. ಎರಡು ಆಳಿನ ಖರ್ಚನ್ನು ಆ ಎರಡು ದಿನಕ್ಕೆ ಇಟ್ಟುಕೊಳ್ಳಿ. ದುಂಡುಹುಳಕ್ಕೆ ಮಳೆಗಾಲದ ನಡುವೆ ಬೇಕಾಗುವ ಸುತ್ತುಗಳನ್ನು ಹಿಂಡಿಯಲ್ಲಿ ಮುಗಿಸಿ. ಹೊಸದಾಗಿ ಕೊಂಡು ತಂದ ಕರುವಿಗಂತೂ ಮೊದಲ ಸುತ್ತು ಬಾಯಿಗೇ ಆಗಬೇಕು. ಲಾರಿಯಿಂದ ಇಳಿದ ದಿನ ಬೇಡ, ನಾಲ್ಕೈದು ದಿನ ನೀರು, ಮೇವು, ವಿಶ್ರಾಂತಿಯ ನಂತರ. ಮದ್ದು ಕೊಟ್ಟು ಎರಡು ಮೂರು ದಿನ ಬೇರೆ ಕಟ್ಟಿ, ಆ ಸೆಗಣಿ ಗೊಬ್ಬರದ ಗುಂಡಿಗೆ ಹೋಗಲಿ. ಬೇರೆ ಊರಿನ ಮದ್ದಿಗೆ ಬಗ್ಗದ ಹುಳ ನಿಮ್ಮ ಗದ್ದೆಗೆ ಬರುವುದು ಈ ದಾರಿಯಲ್ಲೇ.

ಬಸವನಹುಳ ಇರುವ ಜೌಗಿನ ಅಂಚಿಗೆ ಬೇಲಿ ಹಾಕಿದರೆ ಅರ್ಧ ಮದ್ದು ಉಳಿಯುತ್ತದೆ. ಹೊರಳಲು ನೀರು ಬೇಕೇ ಬೇಕು ಎಂದಾದರೆ ಹಟ್ಟಿಯ ಪಕ್ಕ ಸಿಮೆಂಟಿನ ತೊಟ್ಟಿ, ಅಥವಾ ಪೈಪಿನಿಂದ ಮೈಗೆ ನೀರು.

ಮದ್ದು ಕೆಲಸ ಮಾಡಿತೇ

ಮದ್ದಿನ ಮೊದಲ ದಿನ ಮೊಟ್ಟೆ ಎಣಿಸಿದ ಅದೇ ಹತ್ತು ಕರುಗಳ ಸೆಗಣಿಯನ್ನು 14ನೇ ದಿನ ಮತ್ತೆ ಕೊಡಿ. ಉದಾಹರಣೆಗೆ ಮೊದಲು ಗ್ರಾಂಗೆ ಸರಾಸರಿ 620 ಮೊಟ್ಟೆ ಇದ್ದು ಆಮೇಲೆ 40 ಇದ್ದರೆ ಇಳಿಕೆ ಶೇಕಡಾ 93.5. ಇಳಿಕೆ 95ಕ್ಕಿಂತ ಕಡಿಮೆಯಾದರೆ ಅನುಮಾನ ಪಡಬೇಕು. ಆದರೆ ತಕ್ಷಣ “ಹುಳ ಮದ್ದಿಗೆ ಒಗ್ಗಿಕೊಂಡಿದೆ” ಎಂದು ತೀರ್ಮಾನಿಸಬೇಡಿ. ಕರು ಕರುವಿನ ಅಂಕಿ ನೋಡಿ. ಎಂಟು ಕರುಗಳಲ್ಲಿ ಸೊನ್ನೆ, ಎರಡರಲ್ಲಿ ಇನ್ನೂರು ಇದ್ದರೆ ಆ ಎರಡು ಸರಿಯಾಗಿ ತಿಂದಿಲ್ಲ ಎಂದೇ ಅರ್ಥ. ಎಲ್ಲದರಲ್ಲೂ ಐವತ್ತು ನೂರು ಉಳಿದಿದ್ದರೆ ಪ್ರಮಾಣವೋ ಪುಡಿಯೋ ಹುಳವೋ ತಪ್ಪಿದೆ. ಆಗ ಅವುಗಳಲ್ಲಿ ಕೆಲವಕ್ಕೆ ತೂಗಿ ನೋಡಿ ಬಾಯಿಗೇ ಅದೇ ಮದ್ದು ಕೊಟ್ಟು ಮತ್ತೆ ಎಣಿಸಿ. ಅದರಲ್ಲೂ ಇಳಿಯದಿದ್ದರೆ ಒಗ್ಗಿಕೊಂಡದ್ದು ಖಚಿತ ಎನ್ನುವಷ್ಟಾಗುತ್ತದೆ. ಮುಂದಿನ ಸುತ್ತಿಗೆ ಲೆವಮಿಸೋಲ್ ಅಥವಾ ಐವರ್‌ಮೆಕ್ಟಿನ್‌ನಂಥ ಬೇರೆ ಕುಟುಂಬಕ್ಕೆ ಹೋಗಬೇಕು. ಫೆನ್‌ಬೆಂಡಜೋಲ್ ಬಿಟ್ಟು ಆಲ್ಬೆಂಡಜೋಲಿಗೆ ಹೋಗುವುದು ಬದಲಾವಣೆಯಲ್ಲ. ಹೆಸರು ಬೇರೆ, ಕೊಲ್ಲುವ ಬಗೆ ಒಂದೇ.

14ನೇ ದಿನವನ್ನು ದಾಟಿಸಿ ಒಂದೂವರೆ ತಿಂಗಳಿಗೆ ಪರೀಕ್ಷೆ ಮಾಡಿಸಿದರೆ ಏನೂ ತಿಳಿಯದು. ಮಳೆಗಾಲದ ಗದ್ದೆಯಲ್ಲಿ ಮೊಟ್ಟೆಯೊಡೆದ ಮರಿ ಒಂದು ವಾರದಲ್ಲೇ ಹುಲ್ಲು ಏರುತ್ತದೆ, ಕರುವಿನ ಹೊಟ್ಟೆ ಸೇರಿ ಮೂರು ನಾಲ್ಕು ವಾರಕ್ಕೆ ಮೊಟ್ಟೆ ಇಡುತ್ತದೆ. ಆಗ ಕಾಣುವುದು ಹೊಸ ಸೋಂಕು.

ಮಾರುವ ದಿನದಿಂದ ಹಿಂದಕ್ಕೆ ಎಣಿಸಿ

ಅಮೆರಿಕದಲ್ಲಿ ಹಿಂಡಿಯ ಫೆನ್‌ಬೆಂಡಜೋಲ್ ಕೊಟ್ಟ ದನವನ್ನು 13 ದಿನ, ಇಟ್ಟಿಗೆ ತಿಂದದ್ದನ್ನು ಇಟ್ಟಿಗೆಯ ಬಗೆ ನೋಡಿ 11 ಇಲ್ಲವೇ 16 ದಿನ, ಮೊರಾಂಟೆಲಿನದನ್ನು 14 ದಿನ ಕಡಿಯುವಂತಿಲ್ಲ. ಆ ಅಂಕಿಗಳು ಅಲ್ಲಿನ ಪ್ರಮಾಣಕ್ಕೆ, ಅಲ್ಲಿನ ದನಕ್ಕೆ. ನಮ್ಮಲ್ಲಿ ಪೊಟ್ಟಣದ ಮೇಲೆ ಬರೆದ ಅವಧಿಯನ್ನೇ ಪಾಲಿಸಬೇಕು. ಅಂಥ ಅವಧಿ ನಿಗದಿಯಾಗಿಲ್ಲದಿದ್ದರೆ ಭಾರತದ ಔಷಧ ನಿಯಮ ಮಾಂಸಕ್ಕೆ ಕನಿಷ್ಠ 28 ದಿನ, ಹಾಲಿಗೆ 7 ದಿನ ಎನ್ನುತ್ತದೆ. ನಾವು ಹೇಳಿದ 7.5 ಮಿಲಿಗ್ರಾಂ ಕೋಣದ ಲೆಕ್ಕ ಪೊಟ್ಟಣದ ಲೆಕ್ಕಕ್ಕಿಂತ ಹೆಚ್ಚಾದರೆ 28ನ್ನೇ ಹಿಡಿಯಿರಿ. ಚಪ್ಪಟೆ ಹುಳದ ಕೆಲವು ಮದ್ದುಗಳು ಇನ್ನೂ ಹೆಚ್ಚು ದಿನ ಉಳಿಯುತ್ತವೆ, ಚೀಟಿ ಬರೆಯುವಾಗಲೇ ವೈದ್ಯರಿಂದ ದಿನ ಬರೆಸಿಕೊಳ್ಳಿ.

ಈಚಿನ ವರ್ಷಗಳಲ್ಲಿ ಬಕ್ರೀದ್ ಮೇ, ಜೂನ್ ಹೊತ್ತಿಗೆ ಬೀಳುತ್ತಿದೆ. ಮಳೆಗೆ ಮುಂಚಿನ ಸುತ್ತನ್ನು ಎಲ್ಲರಂತೆ ಮೇ ತಿಂಗಳಲ್ಲಿ ಇಟ್ಟುಕೊಂಡರೆ ಮಾರುವ ಕೋಣಗಳ ಮಾಂಸದಲ್ಲಿ ಮದ್ದಿನ ಅಂಶ ಇರುವಾಗಲೇ ಅವು ಹೋಗುತ್ತವೆ. ದೊಡ್ಡ ಗುಂಪಿನ ಹತ್ತಕ್ಕೆ ಹಬ್ಬಕ್ಕೆ ಆರು ವಾರ ಮೊದಲೇ ಮುಗಿಸಿ, ಸಣ್ಣ ಗುಂಪಿಗೆ ಮೇ ಕೊನೆಗೆ ಇಟ್ಟುಕೊಳ್ಳಿ. ಆರು ವಾರ ಎನ್ನುವುದು 14ನೇ ದಿನದ ಪರೀಕ್ಷೆಯಲ್ಲಿ ಒಂದೆರಡು ಕರುಗಳಿಗೆ ಮತ್ತೆ ಮದ್ದು ಬೇಕಾದೀತೆಂದು. ಹಾಗೆ ಎರಡನೇ ಸಲ ಕೊಟ್ಟದ್ದರ ಕೊಂಬಿಗೆ ಬಣ್ಣ ಹಚ್ಚಿ, ಪುಸ್ತಕದಲ್ಲಿ ತಾರೀಕು, ಮದ್ದಿನ ಹೆಸರು, ಪೊಟ್ಟಣದ ಬ್ಯಾಚ್ ನಂಬರು ಬರೆದಿಡಿ. 28 ದಿನ ತುಂಬದಿದ್ದರೆ ಅದು ಈ ಹಬ್ಬದ ಲಾರಿಗೆ ಹತ್ತುವುದು ಬೇಡ.